ನೂರು ತಾಸಿನ ಬೆಳಕು

ನಾನು ಒಂದು ಟ್ಯೂಬ್‌ಲೈಟ್. ಗಾಜಿನ ಕೊಳವೆಯೊಳಗೆ ಚಿಟಿಕೆ ಪಾದರಸ ಹಾಕಿ ಎರಡೂ ತುದಿ ಮುಚ್ಚಿದಾಗ ಹುಟ್ಟಿದೆ. ನನ್ನೊಳಗೆ ಮೊದಲು ತುಂಬಿಕೊಂಡದ್ದು ಮೌನ.

ಧಾರವಾಡದ ಒಂದು ನಾಟಕ ತಂಡದ ತಾಲೀಮು ಕೋಣೆಯಲ್ಲಿ, ಅಲ್ಲಿಯ ದೀಪಗಳನ್ನು ನೋಡಿಕೊಳ್ಳುತ್ತಿದ್ದ ಫಕ್ಕೀರಪ್ಪ ನನ್ನನ್ನು ಕೂರಿಸಿದ. ಅಲ್ಲಿ ಗೋಡೆಯ ಗುಂಡಿ ತಿರುಗಿಸಿದರೆ ಬೆಳಕು ಹೆಚ್ಚುತ್ತಿತ್ತು, ತಗ್ಗುತ್ತಿತ್ತು. ಏಣಿ ಹಿಡಿದಿದ್ದವಳು ಅವನ ಹೆಂಡತಿ ನೀಲವ್ವ, ಅಲ್ಲೇ ಕಸ ಗುಡಿಸುವವಳು. "ಚಂದಂಗ ಬೆಳಗಪಾ" ಎಂದು ನನ್ನ ಮೈ ಒರೆಸಿ ಅವನು ಇಳಿದ. ಆ ಸಂಜೆಯೇ ಎದೆ ಹಿಡಿದುಕೊಂಡು ಹೋಗಿಬಿಟ್ಟ. ನಾನು ಉರಿದದ್ದನ್ನು ಅವನು ನೋಡಲೇ ಇಲ್ಲ.

ತಂಡದವರಿಗೆ ಅವನೆಂದರೆ ಜೀವ. ದಿನಕರ್ಮ ಮುಗಿಯುವವರೆಗೆ ಕೋಣೆಯಲ್ಲಿ ಬೆಳಕು ಮಂದವಾಗಿಯೇ ಇರಲಿ ಎಂದರು. ಹೀಗೆ ನಾನು ಕಣ್ಣು ತೆರೆದದ್ದೇ ಅರೆಗಣ್ಣಲ್ಲಿ. ಆಮೇಲೆ ಗುಂಡಿ ತಗ್ಗಿಸಿದಾಗಲೆಲ್ಲ ನನಗೆ ನಡುಕ. "ಫಕ್ಕೀರಪ್ಪ ಕಣ್ಣ ಹೊಡಿಯಾಕತ್ತಾನ ನೋಡ್ರಿ" ಎಂದು ನಟರು ನಗುತ್ತಿದ್ದರು. ನೀಲವ್ವ ನಗಲಿಲ್ಲ. ಮಧ್ಯಾಹ್ನ ಅವರೆಲ್ಲ ಊಟಕ್ಕೆ ಹೋದಾಗ ಪರದೆ ಎಳೆದು, ನನ್ನನ್ನು ಮಂದ ಮಾಡಿ, ಅಂದಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ನಾನು ನಡುಗಿದರೆ ಅವಳಿಗೆ ಅವನು ಹೂಂ ಎಂದಂತೆ. ಅವನಲ್ಲ ಎನ್ನಲು ನನಗೆ ಬಾಯಿರಲಿಲ್ಲ.

ಎರಡು ತಿಂಗಳ ಮೇಲೆ ಎಲೆಕ್ಟ್ರಿಷಿಯನ್ ದಾವಲಸಾಬ ಬಂದ. ಹೋಲ್ಡರ್ ಬಿಗಿ ಮಾಡಿದ, ಚೋಕ್ ಬದಲಿಸಿದ, ಗುಂಡಿ ಬಿಚ್ಚಿ ನೋಡಿದ. ನಡುಕ ನಿಲ್ಲಲಿಲ್ಲ. ಕೊನೆಗೆ, ಮೊದಲ ದಿನ ಹೇಗೆ ಉರಿಸಿದಿರಿ ಎಂದು ಕೇಳಿದ. ನೀಲವ್ವ ಇದ್ದದ್ದು ಇದ್ದಂತೆ ಹೇಳಿದಳು.

"ಹೊಸಾ ಟ್ಯೂಬು ಮೊದಲ ನೂರು ತಾಸು ಪೂರಾ ಉರೀಬೇಕು ಯವ್ವಾ. ಆಮ್ಯಾಲ ಮಂದ ಮಾಡ್ಬೇಕು. ಈಗರ ಉರಿಸಿ ನೋಡೂಣು."

"ನಡುಗಿದ್ರ ನಡುಗಲಿ ಬಿಡೋ ತಮ್ಮಾ. ನಿನಗೇನು ತ್ರಾಸ?"

ಅವನು ಏಣಿ ಇಳಿದು ಬಂದ. ಸರಿಹೋಗದಿದ್ದರೆ ನನ್ನನ್ನು ಕಿತ್ತೊಗೆಯಲು ಮ್ಯಾನೇಜರು ಹೇಳಿದ್ದಾರೆ ಎಂದ. ಫಕ್ಕೀರಪ್ಪನ ಕೈ ಕಡೆಯದಾಗಿ ಮಾಡಿದ ಕೆಲಸ ನಾನು. ನೀಲವ್ವ ತಾನೇ ಹೋಗಿ ಗುಂಡಿಯನ್ನು ಪೂರ್ತಿ ತಿರುಗಿಸಿದಳು.

ಹಗಲಿರುಳು ನಾಲ್ಕು ದಿನ, ಮೇಲೆ ನಾಲ್ಕು ತಾಸು ಉರಿದೆ. ಐದನೆಯ ದಿನ ಮಧ್ಯಾಹ್ನ ಅವಳು ಪರದೆ ಎಳೆದು, ಬೆಳಕು ತಗ್ಗಿಸಿ, ಕತ್ತೆತ್ತಿ ನಿಂತಳು.

"ಏನರ ಅನ್ನು" ಎಂದಳು.

ನಡುಗಲು ಎಷ್ಟು ಹೆಣಗಿದೆ. ಬೆಳಕು ಕದಲಲಿಲ್ಲ. ಅವಳು ಪೊರಕೆ ಎತ್ತಿಕೊಂಡು ಗುಡಿಸತೊಡಗಿದಳು. ನನ್ನೊಡನೆ ಮತ್ತೆಂದೂ ಮಾತಾಡಲಿಲ್ಲ.

ಈಗ ತುದಿಗಳು ಕಪ್ಪಾಗಿ ಉಗ್ರಾಣದ ಮೂಲೆಗೆ ಒರಗಿದ್ದೇನೆ. ಇಲ್ಲಿಗೆ ಬರುವ ಮುನ್ನ, ಮುಪ್ಪಿನಿಂದ, ಒಂದು ಮಧ್ಯಾಹ್ನ ಮತ್ತೆ ನಡುಗಿದ್ದೆ. ಆದರೆ ಕೆಳಗೆ ಗುಡಿಸುತ್ತಿದ್ದವಳು ಬೇರೆ ಹೆಂಗಸು. ಒಮ್ಮೆ ಕತ್ತೆತ್ತಿ ನೋಡಿ, ಟ್ಯೂಬು ಹೋಗಿದೆ ಎಂದು ಹೇಳಲು ಹೊರಗೆ ನಡೆದಳು.