ಅದು

ಮಿಣುಕುತ್ತಿದೆ, ಮತ್ತೆ ಮಿಣುಕುತ್ತಿದೆ, ಸೋಪಿನ ಡಬ್ಬಿಯಷ್ಟೇ ಇರುವ, ಮಾತು ಕೇಳಿ ದೀಪ ಹೊತ್ತಿಸುವ ಈ ಹಬ್‌ನ ನೀಲಿ ಚುಕ್ಕಿ, ನಿಮ್ಮ ಮನೆ ಸಿದ್ಧವಾಗುತ್ತಿದೆ ದಯವಿಟ್ಟು ಕಾಯಿರಿ ಎಂದು ಲ್ಯಾಪ್‌ಟಾಪಿನಲ್ಲಿ — ಕಾಯುತ್ತೇನಪ್ಪ, ಕಾಯುವುದು ನನಗೇನು ಹೊಸದೇ — ಮಂಚದಿಂದ ಇವರು ನೋಡುತ್ತಿದ್ದಾರೆ, ಹೊದಿಕೆಯ ಮೇಲೆ ಎಡಗೈ, ಯಾವುದೋ ಕಾಲದಲ್ಲಿ ಕರೆಂಟು ಹೊಡೆದು ತುದಿ ಕಪ್ಪಾದ ತೋರುಬೆರಳು, ಅರ್ಧ ಊರಿಗೆ ವೈರಿಂಗ್ ಮಾಡಿದ ಎಲೆಕ್ಟ್ರಿಷಿಯನ್ನು, ನಮ್ಮ ಕೋಣೆಯ ಸ್ವಿಚ್ಚನ್ನು ಮಾತ್ರ ಮಂಚದ ಹತ್ತಿರ ತರಲಿಲ್ಲ, ನಾಳೆ ಮಾಡ್ತೀನಿ ಕಣೇ, ನಾಳೆ, ದೀಪದ ಬುಡದಲ್ಲೇ ಕತ್ತಲೆ ಎಂದು ಆಡಿಕೊಳ್ಳುತ್ತಿದ್ದೆ, ಅಷ್ಟರಲ್ಲಿ ಪಾರ್ಶ್ವವಾಯು ಬಡಿಯಿತು, ಬಲಗಡೆ ಹೋಯಿತು, ಮಾತು ಹೋಯಿತು, ಉಳಿದದ್ದು ಒಂದೇ ಮಾತು, ಅದು. ನೀರು ಬೇಕಾದರೂ ಅದು, ಕಿಟಕಿ ಮುಚ್ಚಬೇಕಾದರೂ ಅದು, ದೀಪಕ್ಕೂ ಅದು, ಬೆರಳು ಹೋದ ಕಡೆ ನೋಡಿ ನಾನು ತಿಳಿದುಕೊಳ್ಳಬೇಕು. ನಾನು ಹೊಲಿಗೆ ಅಂಗಡಿಯಿಂದ ಬರುವ ತನಕ ಸಂಜೆಗತ್ತಲಲ್ಲೇ ಬಿದ್ದಿರುತ್ತಾರೆ, ಊರಿಗೆಲ್ಲ ಬೆಳಕು ಕೊಟ್ಟವರು, ಅದೊಂದನ್ನು ನನ್ನ ಕೈಲಿ ನೋಡಲಾಗುವುದಿಲ್ಲ.

ದೀಪಕ್ಕೆ ಕಂಪನಿಯವರು ಕೊಟ್ಟ ಹೆಸರೇ ಹಳೆಯ ಹಬ್‌ಗೆ ಬೇಕಿತ್ತು, ಬೆಡ್‌ರೂಮ್ ಲೈಟ್, ಇವರು ಅದು ಎಂದರೆ ಕ್ಷಮಿಸಿ ಅರ್ಥವಾಗಲಿಲ್ಲ, ಅದು, ಕ್ಷಮಿಸಿ, ಕೊನೆಗೆ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟರು. ಬಿಸಾಕಿ ಅತ್ತಿಗೆ ಅದನ್ನ, ಎಂದಳು ನಾದಿನಿ ಫೋನಿನಲ್ಲಿ, ಬೇರೆ ಕಳಿಸ್ತೀನಿ, ಓಪನ್ ಸೋರ್ಸ್ ಹಾಕ್ಕೊಳ್ಳಿ, ನಮಗೆ ಬೇಕಾದ ಹಾಗೆ ತಿದ್ಕೋಬಹುದು, ನಿಮ್ಮ ಹೊಲಿಗೆ ಥರಾನೇ — ಹಾಗೆ ಹೇಳು ಮತ್ತೆ, ಅಳತೆಗೆ ತಕ್ಕ ಹಾಗೆ ಎಂದರೆ ನನಗೂ ಅರ್ಥವಾಗುತ್ತದೆ. ಇಗೋ, ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡಿತು. ಕೇಳದೆಯೇ ಟಿವಿಯನ್ನು ಹುಡುಕಿಕೊಂಡಿದೆ, ದೀಪವನ್ನೂ ಹುಡುಕಿಕೊಂಡಿದೆ, ಬಂದ ಗಳಿಗೆಯಲ್ಲೇ ಮನೆಯವರನ್ನೆಲ್ಲ ಮಾತಾಡಿಸುವ ಹೊಸ ಸೊಸೆ. ದೀಪದ ಹೆಸರೇನು, ಎನ್ನುತ್ತದೆ, ಮುಂದೆ ಖಾಲಿ ಜಾಗ, ಏನು ಬೇಕಾದರೂ ಇಡಬಹುದು. ಒತ್ತಿದೆ, ಅ, ದು. ರೀ, ಈಗ ಹೇಳಿ ನೋಡೋಣ.

ಅದು, ಎಂದರು, ಹೊತ್ತಿಕೊಂಡಿತು. ಅದು, ಆರಿತು, ಅದು, ಹೊತ್ತಿತು, ಸಾಕು ಬಿಡಿ ಬಲ್ಬು ಸುಟ್ಟೀತು ಎನ್ನುತ್ತ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತೇನೆ, ನೀರಿನ ಕಡೆ ಬೆರಳೆತ್ತಿ ಅದು ಎಂದರು, ದೀಪ ಆರಿತು — ಎಂಥ ಪೆದ್ದು ನಾನು, ಇವರಿಗೆ ಎಲ್ಲವೂ ಅದೇ ಎನ್ನುವುದನ್ನೇ ಮರೆತೆನಲ್ಲ, ಇನ್ನು ಈ ದೀಪಕ್ಕೆ ಹುಚ್ಚು ಹಿಡಿಯುವುದೊಂದು ಬಾಕಿ. ನೀರು ಕುಡಿಸಿದೆ. ಬೇರೆ ಹೆಸರಿಡೋಣವೆಂದರೆ ಬೇರೆ ಮಾತೆಲ್ಲಿದೆ, ಚೆನ್ನಾಗಿದ್ದಾಗಲೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ, ಇವಳೇ, ಎಲ್ಲಿದ್ದೀಯೇ, ಈಗ ಆ ಇವಳೇ ಕೂಡ ಇಲ್ಲ, ಒಮ್ಮೆ ಕೇಳಬೇಕೆಂದು ಎಷ್ಟು ಆಸೆ ನನಗೆ — ಅದು, ಎಂದರು ಮೆಲ್ಲಗೆ, ದೀಪ ಹೊತ್ತಿತು, ಇನ್ನೇನು ಬೇಕು, ನೀರಾಯಿತು, ಕಿಟಕಿ ಮುಚ್ಚಿದೆ, ಬೆಳಕಿದೆ, ಬೆರಳನ್ನು ನೋಡಿದೆ, ತುದಿ ಕಪ್ಪಾದ ಬೆರಳು, ದೀಪದ ಕಡೆಗಿಲ್ಲ, ನನ್ನ ಹಿಂದೆ ಏನೋ ಇರಬೇಕೆಂದು ಪಕ್ಕಕ್ಕೆ ಸರಿದೆ, ಬೆರಳೂ ಸರಿಯಿತು.