ಕೊನೆಯ ಚಿಟಿಕೆ ಪಟಿಕ

ಅಳಿಯನನ್ನು ಕೋರ್ಟಿಗೆ ಎಳೆದದ್ದು ಹೊರಗಿನವರಲ್ಲ, ಸ್ವಂತ ಸೋದರಮಾವ. ಮಾವನ ಮರದ ಪಾಲಿಶ್ ಕಾರ್ಖಾನೆ ಬಿಟ್ಟವನು ತಾನು ಸೇರಿದ ಬೇರೆ ಕಂಪನಿಗೆ ಪಾಲಿಶ್ ತಯಾರಿಸುವ ಗುಟ್ಟು ಮಾರಿದನಂತೆ.

ಮಾರಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಕೆಲಸಕ್ಕೆ ಬಂದ ಮೊದಲ ವಾರವೇ ಮಾವ ಅವನ ಕಿವಿಯಲ್ಲಿ ಹೇಳಿದ್ದರು: "ಕೊನೇಲಿ ಒಂದು ಚಿಟಿಕೆ ಪಟಿಕ ಹಾಕು. ನೀನು ಮನೆಮಗ ಅಂತ ಹೇಳ್ತಿದೀನಿ, ಬೇರೆ ಯಾರಿಗೂ ಗೊತ್ತಿಲ್ಲ." ಆ ಒಂದು ಮಾತಿಗೆ ಅವನು ಕತ್ತೆಯಂತೆ ದುಡಿದ. ಹೊಸ ಕಂಪನಿಯಲ್ಲಿ ಪಾಲಿಶ್ ತಯಾರಿಸುವ ಬಗೆಯೇ ಬೇರೆ. ಆದರೂ ಕೈ ಕೇಳಬೇಕಲ್ಲ. ಯಾರಿಗೂ ಕಾಣದಂತೆ ಬೆನ್ನು ತಿರುಗಿಸಿ ಚಿಟಿಕೆ ಪಟಿಕ ಹಾಕುತ್ತಿದ್ದ. ಮಾವನ ಗುಟ್ಟು ಬಯಲಾಗಬಾರದು, ಅಷ್ಟೇ.

ಕಟಕಟೆಯಲ್ಲಿ ನಿಂತ ಮಾವನ ದನಿಯಲ್ಲಿ ಹೆಮ್ಮೆಯಿತ್ತು. "ಪಾಲಿಶ್‌ಗೆ ಪಟಿಕ ಬೇಕೇ ಇಲ್ಲ ಸ್ವಾಮಿ. ಒಬ್ಬೊಬ್ಬ ಕೆಲಸಗಾರನಿಗೆ ಒಂದೊಂದು ಸುಳ್ಳು ಹೇಳಿರ್ತೀನಿ. ಯಾರಿಗೆ ಹೇಳಿದ್ದು ಹೊರಗಡೆ ಸಿಗುತ್ತೋ ಅವನೇ ಕಳ್ಳ. ಆ ಕಂಪನಿಯ ಪಾಲಿಶ್ ಡಬ್ಬೀಲಿ ಪಟಿಕ ಸಿಕ್ಕಿದೆ. ಅದು ಇವನಿಗೆ ಹೇಳಿದ್ದು."

ಏನಾದರೂ ಹೇಳುವುದಿದೆಯೇ ಎಂದು ನ್ಯಾಯಾಧೀಶರು ಅಳಿಯನನ್ನು ಕೇಳಿದರು. ಅವನು ಮಾವನ ಕಡೆ ತಿರುಗಿದ. "ಮಾವ, ಕಾರ್ಖಾನೇಲೇ ಕೆಲಸ ಮಾಡೋ ನಿಮ್ಮ ಮಗನಿಗೆ ಯಾವ ಸುಳ್ಳು ಹೇಳಿದ್ರಿ?"

ಮಾವ ಅರ್ಥವಾಗದವರಂತೆ ಅವನನ್ನೇ ನೋಡಿದರು. "ಅವನಿಗ್ಯಾಕೋ ಸುಳ್ಳು ಹೇಳ್ಲಿ? ಅವನು ಮನೆಮಗ."