ಜೋಕಿಲ್ಲದೆ ಮಿಠಾಯಿ ಇಲ್ಲ

ಎದುರುಮನೆಯ ಅಮ್ರಾ ಬಾಗಿಲಿಗೆ ಬಂದು, "ಈ ಸಲ ನಮ್ಮ ಬೀದಿ ಹ್ಯಾಲೊವೀನ್ ಇಪ್ಪತ್ತೈದಕ್ಕೆ, ಶನಿವಾರ ಮಧ್ಯಾಹ್ನ," ಎಂದಾಗ ಲಿಯೋನಾ ಬ್ರಾಕ್‌ಮೈಯರ್‌ಗೆ ಅದು ತಮಾಷೆಯೋ ನಿಜವೋ ಗೊತ್ತಾಗಲಿಲ್ಲ.

"ಅದು ಹೇಗಮ್ಮ ಇಪ್ಪತ್ತೈದಕ್ಕೆ ಬರುತ್ತೆ? ಮೂವತ್ತೊಂದಕ್ಕೆ ತಾನೆ ಹ್ಯಾಲೊವೀನು?"

"ಮೂವತ್ತೊಂದಕ್ಕೆ ಬೀದಿಲಿ ಏನೂ ಇರಲ್ಲ. ಚರ್ಚಿನ ಪಾರ್ಕಿಂಗ್ ಜಾಗ ಕೊಟ್ಟಿದ್ದಾರೆ. ಎಲ್ಲರೂ ಕಾರು ತಂದು ಸಾಲಾಗಿ ನಿಲ್ಲಿಸಿ, ಡಿಕ್ಕಿ ತೆಗೆದು ಅಲಂಕಾರ ಮಾಡ್ತೀವಿ. ಮಕ್ಕಳು ಕಾರಿಂದ ಕಾರಿಗೆ ಹೋಗಿ ಮಿಠಾಯಿ ಇಸ್ಕೊಳ್ತಾರೆ. ನೀವೂ ಬನ್ನಿ, ಲಿಯೋನಾ."

"ಕಾರಿನ ಡಿಕ್ಕಿಯಿಂದ ಯಾರಾದ್ರೂ ಮಿಠಾಯಿ ಕೊಟ್ರೆ ತಗೋಬೇಡಿ, ಓಡಿ ಬಂದ್ಬಿಡಿ ಅಂತ ನಮ್ಮ ಮಕ್ಕಳಿಗೆ ಹೇಳಿ ಹೇಳಿ ಬೆಳೆಸಿದೆವು. ಈಗ ಅದನ್ನೇ ಹಬ್ಬ ಮಾಡ್ತೀರಾ?"

ಅಮ್ರಾ ನಗಲಿಲ್ಲ. "ಎಲ್ಲರ ಅಭಿಪ್ರಾಯ ಕೇಳಿಯೇ ಮಾಡಿದ್ದು," ಎಂದಷ್ಟೇ ಹೇಳಿ ಮೆಟ್ಟಿಲಿಳಿದು ಹೋದಳು.

ಸೇಂಟ್ ಲೂಯಿಸ್‌ನ ದಕ್ಷಿಣಕ್ಕಿರುವ ಹಾರ್ಟ್‌ವಿಗ್ ಬೀದಿಗೆ ಲಿಯೋನಾ ಸೊಸೆಯಾಗಿ ಬಂದವಳು. ಕೆಂಪು ಇಟ್ಟಿಗೆಯ ಮನೆ, ಮುಂದೆ ಕಲ್ಲಿನ ಮೆಟ್ಟಿಲು. ಹ್ಯಾಲೊವೀನ್ ಸಂಜೆ ಆ ಮೆಟ್ಟಿಲ ಮೇಲೆ ಮೊದಲು ಕೂರುತ್ತಿದ್ದವಳು ಅವಳ ಅತ್ತೆ. ಆ ಊರಲ್ಲಿ ವೇಷ ಹಾಕಿ ಮನೆಮನೆಗೆ ಬರುವ ಮಕ್ಕಳು ಬರಿದೇ ಚೀಲ ಚಾಚಿದರೆ ಮಿಠಾಯಿ ಸಿಗದು. ಒಂದು ಜೋಕು ಹೇಳಬೇಕು. ಅತ್ತೆ ಎಂಥ ಹಳಸಲು ಜೋಕಿಗೂ ನಕ್ಕು ಕೊಡುತ್ತಿದ್ದಳು. ಲಿಯೋನಾ ಅದಕ್ಕೊಂದು ಬಿಗಿ ತಂದಳು. ಆ ಸಂಜೆ ಆಗಲೇ ಕೇಳಿದ ಜೋಕಾದರೆ ಪುಟ್ಟ ಮಿಠಾಯಿ, ಹೊಸದಾದರೆ ಅಂಗೈಯಗಲದ ಚಾಕೊಲೇಟು. ಬೀದಿಯ ಮಕ್ಕಳು ವಾರಕ್ಕೆ ಮುಂಚೆಯೇ ಜೋಕು ಹುಡುಕಿ, ಒಬ್ಬರಿಗೊಬ್ಬರು ಬಿಟ್ಟುಕೊಡದೆ ಬಚ್ಚಿಟ್ಟುಕೊಳ್ಳುತ್ತಿದ್ದರು.

ಉಳಿದದ್ದೆಲ್ಲ ಒಂದೊಂದಾಗಿ ಹೋಯಿತು. ಮೊದಲು ಹೋದದ್ದು ಬೆಲ್ಲದ ಪಾಕದಲ್ಲಿ ಉಂಡೆ ಕಟ್ಟಿದಂಥ ಅವಳ ಪಾಪ್‌ಕಾರ್ನ್ ಉಂಡೆ. ಎಲ್ಲೋ ಯಾರೋ ಸೇಬಿನಲ್ಲಿ ಸೂಜಿ ಇಟ್ಟರೆಂಬ ಸುದ್ದಿ ಹಬ್ಬಿ, ಮನೆಯಲ್ಲಿ ಮಾಡಿದ್ದನ್ನು ತಾಯಂದಿರು ಮೂಲೆ ತಿರುಗುತ್ತಲೇ ಕಸದ ತೊಟ್ಟಿಗೆ ಹಾಕತೊಡಗಿದರು. ಮನೆಯಲ್ಲಿ ಹೊಲಿದ ವೇಷ ಹೋಗಿ ಅಂಗಡಿಯ ವೇಷ ಬಂತು. ಆಮೇಲೆ ಜನ ಬಾಗಿಲು ತೆಗೆಯುವುದನ್ನೇ ಬಿಟ್ಟು, ಬೋಗುಣಿಯಲ್ಲಿ ಮಿಠಾಯಿ ಸುರಿದು 'ಒಬ್ಬರಿಗೆ ಒಂದು' ಎಂದು ಬೋರ್ಡು ಬರೆದಿಟ್ಟು ಒಳಗೆ ಟಿವಿ ನೋಡುತ್ತ ಕೂತರು. ಮೂಲೆಮನೆಯವರು ಛಾವಣಿ ಮುಟ್ಟುವಷ್ಟು ಎತ್ತರದ ಅಸ್ಥಿಪಂಜರ ತಂದು ನಿಲ್ಲಿಸಿದರು. ಲಿಯೋನಾ ಎಲ್ಲವನ್ನೂ ಗೊಣಗುತ್ತ ನುಂಗಿಕೊಂಡಳು. ಜೋಕನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ.

ಬೇರೆ ಯಾರಾದರೂ ಬಂದು ಹೇಳಿದ್ದರೆ ಅವಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಹೇಳಿದವಳು ಅಮ್ರಾ. ಬೋಸ್ನಿಯಾದ ಯುದ್ಧದಿಂದ ತಪ್ಪಿಸಿಕೊಂಡು ಬಂದ ಮನೆಯವರು. ಬಂದ ವರ್ಷ ಹೂವಿನ ಚಿತ್ತಾರದ ಹಾಸಿಗೆ ಬಟ್ಟೆಗೆ ಎರಡು ತೂತು ಮಾಡಿಕೊಂಡು ದೆವ್ವವಾಗಿ ಇದೇ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಹುಡುಗಿ. ಇಂಗ್ಲಿಷು ಬರದೆ ತನ್ನ ಭಾಷೆಯಲ್ಲೇ ಏನೋ ಹೇಳಿದ್ದಳು. ಜೊತೆಗಿದ್ದ ಅವಳ ಅಣ್ಣ ಬಿದ್ದು ಬಿದ್ದು ನಕ್ಕಿದ್ದ. ಲಿಯೋನಾಳಿಗೆ ಒಂದಕ್ಷರ ತಿಳಿಯದಿದ್ದರೂ ಅವನ ನಗು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ದೊಡ್ಡ ಚಾಕೊಲೇಟನ್ನೇ ಕೊಟ್ಟಿದ್ದಳು. ಎಷ್ಟೋ ಜನರಿಗೆ ಆ ಕತೆ ಹೇಳಿದ್ದಳು.

"ಅವಳಿಗೂ ಕಾರಣ ಇದೆ ಕಣೇ," ಎಂದ ಗಂಡ ವರ್ಜಿಲ್, ಟಿವಿಯ ಹಾಕಿ ಪಂದ್ಯದಿಂದ ಕಣ್ಣು ತೆಗೆಯದೆ. "ಆ ಹುಡುಗನ ಕಾಲು ಮುರಿದದ್ದು ಮರೆತ್ಯಾ?"

ಮರೆತಿರಲಿಲ್ಲ. ಹೋದ ವರ್ಷ ಹ್ಯಾಲೊವೀನ್ ಸಂಜೆ, ಸಿಗ್ನಲ್ ತಪ್ಪಿಸಲು ಬೀದಿಗೆ ನುಗ್ಗಿದ ಒಂದು ಕಾರು ಮೂಲೆಯಲ್ಲಿ ಅಮ್ರಾಳ ಮಗ ಎಲ್ದಿನ್‌ಗೆ ಬಡಿದಿತ್ತು. ಕಂಬಳಿ ಹಿಡಿದು ಓಡಿದವರಲ್ಲಿ ಲಿಯೋನಾಳೂ ಇದ್ದಳು. ಕ್ರಿಸ್‌ಮಸ್‌ವರೆಗೂ ಹುಡುಗನ ಕಾಲಿಗೆ ಪ್ಲಾಸ್ಟರ್ ಇತ್ತು.

"ಅದಕ್ಕೆ ಕಾರಿನವನನ್ನ ಹಿಡೀಬೇಕು. ಹಬ್ಬವನ್ನ ಯಾಕೆ ಪಾರ್ಕಿಂಗ್ ಜಾಗಕ್ಕೆ ಅಟ್ಟಬೇಕು?"

"ಹೋಗಿ ನೋಡೋಣ ಬಾ. ಇಷ್ಟ ಆಗ್ಲಿಲ್ಲ ಅಂದ್ರೆ ಬೈಯೋಕಾದ್ರೂ ಒಂದು ವಿಷಯ ಸಿಗುತ್ತೆ ನಿಂಗೆ."

ಶನಿವಾರ ಸುಡು ಬಿಸಿಲು. ದೆವ್ವ ಪಿಶಾಚಿಗಳೆಲ್ಲ ಬೆವರುತ್ತ ಸಾಲಿನಲ್ಲಿ ನಿಂತಿದ್ದವು. ಕಾರುಗಳ ಡಿಕ್ಕಿಗಳಲ್ಲಿ ಗೋರಿ, ಜೇಡರ ಬಲೆ, ಬ್ಯಾಟರಿಯಲ್ಲಿ ಹೊಳೆಯುವ ಕುಂಬಳಕಾಯಿ. ಮಕ್ಕಳು ಚೀಲ ಚಾಚುವುದು, ಮಿಠಾಯಿ ಬೀಳುವುದು, ಮುಂದಿನ ಕಾರು. ರೇಷನ್ ಹಂಚಿದ ಹಾಗಿತ್ತು.

ತನ್ನ ಕಾರಿನ ಡಿಕ್ಕಿಯಲ್ಲಿ ಮಿಠಾಯಿ ಬುಟ್ಟಿ ಇಟ್ಟುಕೊಂಡು ನಿಂತಿದ್ದ ಲಿಯೋನಾಳ ಮುಂದೆ ಜೇನುಹುಳುವಿನ ವೇಷದ ಪುಟ್ಟ ಹುಡುಗಿಯೊಬ್ಬಳು ಚೀಲ ಒಡ್ಡಿದಳು.

"ಎಲ್ಲಮ್ಮ ನಿನ್ನ ಜೋಕು?"

ಹುಡುಗಿ ತಾಯಿಯ ಮುಖ ನೋಡಿದಳು.

"ಜೋಕು ಹೇಳ್ಬೇಕು ಪುಟ್ಟಿ. ಒಂದು ಜೋಕು, ಒಂದು ಮಿಠಾಯಿ."

ತಾಯಿ ಬೇರೆ ಊರಿನವಳು, ನಗುತ್ತ, "ಅವಳಿಗೆ ಗೊತ್ತಿಲ್ಲ," ಎಂದಳು.

"ನಾನೇ ಹೇಳಿಕೊಡ್ತೀನಿ. ಮಾಟಗಾತಿ ಮನೆ ಯಾಕೆ ಯಾವಾಗ್ಲೂ ಗಲೀಜು? ಪೊರಕೆ ಮೇಲೆ ಅವಳೇ ಕೂತಿರ್ತಾಳಲ್ಲ! ಈಗ ನೀನು ಹೇಳು."

ಹುಡುಗಿ ತಾಯಿಯ ಕೈ ಹಿಡಿದುಕೊಂಡಳು. ಹಿಂದೆ ಸಾಲು ನಿಂತೇಬಿಟ್ಟಿತು. ಕಡಲ್ಗಳ್ಳನ ಟೋಪಿ ಹಾಕಿದ್ದ ಅಪ್ಪನೊಬ್ಬ, "ಅಜ್ಜಿ, ಸಾಲು ಬಿಡ್ತೀರಾ? ಇವಳನ್ನೇನು ಸಂದರ್ಶನ ಮಾಡ್ತಿದ್ದೀರಾ?" ಎಂದ. ಹತ್ತಿರದವರು ನಕ್ಕರು. ಜೇನುಹುಳು ಜೋರಾಗಿ ಅಳಲು ಶುರುಮಾಡಿತು.

ಅಮ್ರಾ ಓಡಿಬಂದಳು. "ಲಿಯೋನಾ, ದಯವಿಟ್ಟು ಸುಮ್ನೆ ಕೊಟ್ಟುಬಿಡಿ. ಇವತ್ತು ಜೋಕು ಗೀಕು ಬೇಡ."

"ಬೇಡ ಅನ್ನೋಕೆ ನೀನ್ಯಾರಮ್ಮ? ಇಂಗ್ಲಿಷೇ ಬರದಿದ್ದ ನೀನು ಹೇಳಿದ್ಯಲ್ಲ, ಇವಳಿಗೇನಾಗಿದೆ?"

ಅಮ್ರಾಳ ಮುಖ ಕೆಂಪಾಯಿತು. "ಹೇಳಬಾರದು ಅಂದ್ಕೊಂಡಿದ್ದೆ. ಹೋದ ವರ್ಷ ಎಲ್ದಿನ್ ಎಲ್ಲಿಗೆ ಓಡ್ತಿದ್ದ ಗೊತ್ತಾ? ನಿಮ್ಮ ಮನೆಗೆ! ಪಕ್ಕದ ಹುಡುಗನೂ ಅದೇ ಜೋಕು ಕಲಿತಿದ್ನಂತೆ. ಅವನು ಮೊದಲು ಹೇಳಿಬಿಟ್ರೆ ತನಗೆ ಪುಟ್ಟ ಮಿಠಾಯಿ ಸಿಗುತ್ತೆ ಅಂತ ಹಿಂದೆ ಮುಂದೆ ನೋಡದೆ ಓಡಿದ. ನಿಮ್ಮ ಆ ಹಾಳು ನಿಯಮ!"

ಲಿಯೋನಾ ಡಿಕ್ಕಿಯನ್ನು ದಢಾರನೆ ಮುಚ್ಚಿದಳು. ಮಿಠಾಯಿ ಬುಟ್ಟಿ ಒಳಗೇ ಇತ್ತು.

ಮನೆಗೆ ಬಂದು ಕಾಫಿ ಕುಡಿಯುವಾಗ ಅವಳೇ ಶುರುಮಾಡಿದಳು. "ಜೋಕು ಕಾರು ಓಡಿಸ್ತಾ? ನಾನು ಓಡಿಸಿದ್ನಾ?"

"ನೀನು ಓಡಿಸ್ದೆ ಅಂತ ಯಾರೂ ಅಂದಿಲ್ಲ."

"ಹಾಗಂದ್ರೇನರ್ಥ?"

"ಏನೂ ಇಲ್ಲ. ಕಾಫಿ ಕುಡಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತಾಗಿತ್ತು ಅವಳ ಸ್ಥಿತಿ. ಒಂದು ಗಳಿಗೆ ಕಾರಿನವನ ಮೇಲೆ, ಮರುಗಳಿಗೆ ಅಮ್ರಾಳ ಮೇಲೆ, ಅದರ ಮರುಗಳಿಗೆ ತನ್ನ ಮೇಲೇ ಸಿಟ್ಟು. ಆ ವಾರವೆಲ್ಲ ಸಂಜೆ ಕಿಟಕಿಯಲ್ಲಿ ನಿಂತು ಬೀದಿ ನೋಡಿದಳು. ಸಿಗ್ನಲ್ ಕೆಂಪಾದ ಕೂಡಲೇ ಒಂದರ ಹಿಂದೊಂದು ಕಾರು ಮೂಲೆ ತಿರುಗಿ ಬಾಣದಂತೆ ಹೋಗುತ್ತಿತ್ತು. ನಗರದ ಕಚೇರಿಗೆ ಫೋನ್ ಮಾಡಿದಳು. ರಸ್ತೆಗೆ ಉಬ್ಬು ಹಾಕಿಸುವ ವಿಚಾರ ಪರಿಶೀಲನೆಯಲ್ಲಿದೆ ಎಂದರು. "ಪರಿಶೀಲನೆ ಮುಗಿಯೋ ಹೊತ್ತಿಗೆ ನಾನೇ ದೆವ್ವ ಆಗಿರ್ತೀನಿ," ಎಂದು ಫೋನಿಟ್ಟಳು.

ಮೂವತ್ತೊಂದರ ಸಂಜೆ, ಬೆಳಕಿರುವಾಗಲೇ, ವರ್ಜಿಲ್‌ನ ಹಳೆಯ ಪಿಕಪ್ ಬೀದಿಯ ಒಂದು ತುದಿಗೆ ಅಡ್ಡವಾಗಿ ನಿಂತಿತು, ಲಿಯೋನಾಳ ಕಾರು ಇನ್ನೊಂದು ತುದಿಗೆ. ವರ್ಜಿಲ್ ಮಡಚುವ ಕುರ್ಚಿ ಹಾಕಿಕೊಂಡು ಪಿಕಪ್ ಪಕ್ಕ ಕೂತ. ಹೆಂಡತಿಯ ಜೊತೆ ವಾದಿಸುವುದಕ್ಕಿಂತ ಇದೇ ಸುಲಭ ಎಂದು ಅವನು ಬಹಳ ಹಿಂದೆಯೇ ಕಂಡುಕೊಂಡಿದ್ದ. ಲಿಯೋನಾ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟುಕೊಂಡು ಕೂತಳು.

ಯಾರೂ ಬರಲಿಲ್ಲ. ಎಲ್ಲರ ಮನೆಯಲ್ಲೂ ಹಿಂದಿನ ವಾರದ ಮಿಠಾಯಿಯೇ ತುಂಬಿ ತುಳುಕುತ್ತಿತ್ತು. ಖಾಲಿ ಬೀದಿಯಲ್ಲಿ ಒಣಗಿದೆಲೆ ಮಾತ್ರ ಓಡಾಡುತ್ತಿತ್ತು. ಬಂದದ್ದು ಕಾರುಗಳು. ಹಾರ್ನ್ ಮೇಲೆ ಹಾರ್ನ್. ಒಬ್ಬ ಗಾಜು ಇಳಿಸಿ ಬೈದ. ಅವನೇ ಕರೆದನೋ ಏನೋ, ಪೊಲೀಸ್ ಗಾಡಿಯೂ ಬಂತು.

ಇಳಿದವನು ಎಳೆಯ ಪೊಲೀಸ್. "ಮೇಡಂ, ಬೀದಿ ಮುಚ್ಚೋಕೆ ಅನುಮತಿ ಇದೆಯಾ?"

"ಇಲ್ಲ."

"ಮತ್ತೆ ಯಾಕೆ ಮುಚ್ಚಿದ್ದೀರಿ?"

"ಮಕ್ಕಳು ಓಡಾಡ್ತಾರೆ. ಹ್ಯಾಲೊವೀನ್ ಅಲ್ವಾ?"

ಅವನು ಬೀದಿಯ ಆ ತುದಿ ನೋಡಿದ, ಈ ತುದಿ ನೋಡಿದ. "ಎಲ್ಲಿ ಮೇಡಂ ಮಕ್ಕಳು?"

ಕಡಲ್ಗಳ್ಳನ ಟೋಪಿಯವನು ಅಜ್ಜಿ ಎಂದಾಗಲೂ ಲಿಯೋನಾಳಿಗೆ ಇಷ್ಟು ಅವಮಾನವಾಗಿರಲಿಲ್ಲ. ಕಾರಿನ ಬೀಗದ ಕೈ ಹುಡುಕಲು ಕೋಟಿನ ಜೇಬಿಗೆ ಕೈಹಾಕಿದಳು.

ಆಗ ಎದುರುಮನೆಯ ಬಾಗಿಲು ತೆರೆಯಿತು. ಅಮ್ರಾ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಇಳಿದು ಬಂದಳು. ಹಿಂದೆ ಎಲ್ದಿನ್. ವೇಷವಿಲ್ಲ; ಮುಖವಾಡವೊಂದನ್ನು ಹಣೆಯ ಮೇಲೆ ಏರಿಸಿಕೊಂಡಿದ್ದ.

"ಇಲ್ಲೇ ಇದ್ದಾನೆ ಮಗು," ಎಂದಳು ಪೊಲೀಸನಿಗೆ. "ಹೋದ ವರ್ಷ ಇದೇ ಮೂಲೇಲಿ ಕಾಲು ಮುರ್ಕೊಂಡ. ಅವತ್ತು ಗಾಡಿ ಓಡಿಸಿದವನನ್ನ ಇಷ್ಟು ಬೇಗ ಬಂದು ಹಿಡಿದಿದ್ರೆ ಚೆನ್ನಾಗಿತ್ತು."

ಪೊಲೀಸ್ ಕತ್ತು ಕೆರೆದುಕೊಂಡ. "ನಾನು ಚೀಟಿ ಬರೀಲೇಬೇಕು."

"ಬರೀರಿ," ಎಂದ ವರ್ಜಿಲ್ ಅಷ್ಟರಲ್ಲಿ ನಡೆದು ಬಂದು. "ದಂಡ ಕಟ್ಟಿದ ಮೇಲೆ ಬೀದಿ ಎಂಟು ಗಂಟೆವರೆಗೆ ನಮ್ಮದೇ ಅಲ್ವಾ?"

ಪೊಲೀಸನಿಗೆ ನಗು ತಡೆಯಲಾಗಲಿಲ್ಲ. ಚೀಟಿ ಬರೆದು ಪಿಕಪ್‌ಗೆ ಸಿಕ್ಕಿಸಿದ. "ಏಳಕ್ಕೆ ಮತ್ತೆ ಬರ್ತೀನಿ. ಆಗ ಇಲ್ಲೇನೂ ಇರಬಾರದು. ಮುಂದಿನ ವರ್ಷ ಅರ್ಜಿ ಹಾಕಿ," ಎಂದು ಹೋದ.

ಅಮ್ರಾ ಯಾರ್ಯಾರಿಗೋ ಫೋನ್ ಮಾಡಿದಳು. ಅಲ್ಲೊಂದು ಇಲ್ಲೊಂದು ಬಾಗಿಲು ತೆರೆದು, ಬೆರಳೆಣಿಕೆಯ ಮಕ್ಕಳು ಮಾಸಿದ ವೇಷಗಳನ್ನೇ ಮತ್ತೆ ಸಿಕ್ಕಿಸಿಕೊಂಡು ಬಂದರು. ಒಬ್ಬಳು, "ಅಸ್ಥಿಪಂಜರ ಯಾಕೆ ಜಗಳಕ್ಕೆ ಹೋಗಲ್ಲ? ಅದಕ್ಕೆ ಗುಂಡಿಗೆ ಇಲ್ಲ!" ಎಂದು ಮೆಟ್ಟಿಲು ಹತ್ತುವ ಮೊದಲೇ ಕಿರುಚಿಬಿಟ್ಟಳು. ಲಿಯೋನಾ ಮನಸಾರೆ ನಕ್ಕಳು.

ಕೊನೆಗೆ ಎಲ್ದಿನ್ ಬಂದ.

"ನಿನ್ನದೇನಪ್ಪ?"

"ನಂಗೆ ಹನ್ನೊಂದಾಯ್ತು, ಮಿಸೆಸ್ ಬ್ರಾಕ್‌ಮೈಯರ್. ಜೋಕೆಲ್ಲ ಚಿಕ್ಕಮಕ್ಕಳಿಗೆ."

"ಹೋದ ವರ್ಷ ಹೇಳ್ಬೇಕು ಅಂದ್ಕೊಂಡಿದ್ಯಲ್ಲ, ಅದನ್ನೇ ಹೇಳು."

"ಮರೆತೇಹೋಯ್ತು."

ಲಿಯೋನಾ ಅವನ ಮುಖ ನೋಡಿದಳು. ಅವನು ಸುಳ್ಳು ಹೇಳುತ್ತಿರಲಿಲ್ಲ. ಯಾವ ಜೋಕಿಗಾಗಿ ಕಾಲು ಮುರಿದುಕೊಂಡನೋ ಅದು ಅವನಿಗೆ ನಿಜಕ್ಕೂ ಮರೆತುಹೋಗಿತ್ತು. ಅವಳು ದೊಡ್ಡ ಚಾಕೊಲೇಟನ್ನು ಸುಮ್ಮನೆ ಅವನ ಕೈಗಿಟ್ಟಳು. ಜೋಕಿಲ್ಲದೆ ಹಾಗೆ ಕೊಟ್ಟದ್ದು ಅದೇ ಮೊದಲು. ಅವನು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ; "ಥ್ಯಾಂಕ್ಸ್" ಎಂದು ಹೊರಟ.

ಅಮ್ರಾ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತಳು. "ಅವತ್ತು ನಾನು ಹೇಳಿದ್ದೂ ಜೋಕಲ್ಲ," ಎಂದಳು.

"ಯಾವತ್ತು?"

"ಬಂದ ವರ್ಷ. ನೀವೇನು ಕೇಳ್ತಿದ್ದೀರಿ ಅಂತಲೇ ಗೊತ್ತಾಗ್ಲಿಲ್ಲ. 'ಈ ಹೆಂಗಸು ಜಿಪುಣಿ, ಕೊಡೋ ಹಾಗೆ ಕಾಣಲ್ಲ, ಮನೆಗೆ ಹೋಗೋಣ ಬಾ' ಅಂತ ಅಣ್ಣನಿಗೆ ಹೇಳಿದೆ. ಅದಕ್ಕೇ ಅವನು ನಕ್ಕಿದ್ದು."

"ಇಷ್ಟು ವರ್ಷ ಊರಿಗೆಲ್ಲ ಹೇಳ್ಕೊಂಡು ಬಂದೆನಲ್ಲೇ ನಾನು!"

"ಅದಕ್ಕೇ ಬಾಯಿ ಬಿಡಲಿಲ್ಲ."

ಲಿಯೋನಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. "ನಿಯಮ ನಾನು ಮಾಡಬಾರದಿತ್ತು," ಎಂದಳು. "ಪುಟ್ಟ ಮಿಠಾಯಿ, ದೊಡ್ಡ ಮಿಠಾಯಿ ಅಂತ. ಅತ್ತೆ ಹಾಗೆ ಮಾಡ್ತಿರಲಿಲ್ಲ."

ಏಳಾಗುವ ಮುಂಚೆ ಇಬ್ಬರೂ ಹೋಗಿ ಕಾರು ತೆಗೆದರು.

ಅರ್ಜಿಯನ್ನು ವಸಂತದಲ್ಲೇ ಹಾಕಿದರು. ಸಹಿಗೆ ಮನೆಮನೆ ತಿರುಗಿದವಳು ಲಿಯೋನಾ, ಕಚೇರಿಗೆ ಅಲೆದವಳು ಅಮ್ರಾ. ಅನುಮತಿ ಸಿಕ್ಕಿತು, ಅದೂ ಮೂವತ್ತೊಂದಕ್ಕೇ. ಎರಡೂ ತುದಿಗೆ ಮರದ ತಡೆಗಳು ಬಂದವು. ಒಂದು ಕಾರೂ ಒಳಗೆ ಬರುವಂತಿರಲಿಲ್ಲ. ಲಿಯೋನಾ ಮಧ್ಯಾಹ್ನವೇ ಮೆಟ್ಟಿಲು ತೊಳೆದು, ಒಂದೇ ಅಳತೆಯ ಮಿಠಾಯಿ ತುಂಬಿದ ಬುಟ್ಟಿ ಇಟ್ಟುಕೊಂಡು ಕೂತಳು.

ಕಾರಿಲ್ಲದ ಬೀದಿ ಎಂಬ ಸುದ್ದಿ ಸುತ್ತಲ ಬಡಾವಣೆಗೆಲ್ಲ ಹಬ್ಬಿತ್ತು. ಕತ್ತಲಾಗುವ ಮುಂಚೆಯೇ ಕಾಲಿಡಲು ಜಾಗವಿರಲಿಲ್ಲ. ಮೂಲೆಯಲ್ಲಿ ತಿಂಡಿ ಗಾಡಿ ನಿಂತು ಈರುಳ್ಳಿ ಹುರಿಯುತ್ತಿತ್ತು. ಅಸ್ಥಿಪಂಜರದ ಮನೆಯವರು ಬೀದಿ ನಡುವೆ ಆಳೆತ್ತರದ ಸ್ಪೀಕರುಗಳನ್ನಿಟ್ಟು ಹಾಡು ಹಾಕಿದ್ದರು. ಮೆಟ್ಟಿಲಿನ ಕಲ್ಲು ಕೂಡ ಅದಕ್ಕೆ ಅದುರುತ್ತಿತ್ತು.

ಗಗನಯಾತ್ರಿಯ ಶಿರಸ್ತ್ರಾಣ ಹಾಕಿದ್ದ ಪುಟ್ಟನೊಬ್ಬ ಎದುರು ನಿಂತು ಕೈ ಬಾಯಿ ಆಡಿಸುತ್ತ ಉದ್ದದೊಂದು ಜೋಕು ಹೇಳಿದ.

"ಏನು ಮಗು?" ಲಿಯೋನಾ ಕಿವಿಗೆ ಕೈ ಇಟ್ಟು ಬಾಗಿದಳು. "ಜೋರಾಗಿ ಹೇಳೋ!"

ಅವನು ಮತ್ತೆ ಮೊದಲಿನಿಂದ ಹೇಳಿದ. ಶಿರಸ್ತ್ರಾಣದೊಳಗೆ ತುಟಿ ಅಲುಗಿದ್ದು ಮಾತ್ರ ಕಂಡಿತು. ಹೇಳಿ ಮುಗಿಸಿ, ನಗುತ್ತಾಳೋ ಇಲ್ಲವೋ ಎಂದು ಅವಳ ಮುಖವನ್ನೇ ನೋಡಿದ. ಅವನ ಹಿಂದೆ ಸಾಲು ಬೀದಿಯ ನಡುವಿನವರೆಗೆ ಬೆಳೆದಿತ್ತು. ಲಿಯೋನಾ ಹಾಹಾ ಎಂದು ನಕ್ಕಳು. ಮಿಠಾಯಿ ಹಾಕಿದಳು. ಅವನು ಖುಷಿಯಿಂದ ಓಡಿದ.

"ವರ್ಜಿಲ್!" ಎಂದು ಕೂಗಿದಳು. "ಆ ಹಾಳು ಸ್ಪೀಕರಿಗೆ ಕರೆಂಟು ಎಲ್ಲಿಂದ ಎಳೆದಿದ್ದಾರೆ ನೋಡು. ಕಿತ್ತು ಹಾಕು ಅದನ್ನ!"

"ನಮ್ಮ ಗ್ಯಾರೇಜಿಂದ," ಎಂದು ವರ್ಜಿಲ್ ಅವಳ ಕಿವಿಗೇ ಬಾಯಿಟ್ಟು ಹೇಳಿದ. "ಮೊನ್ನೆ ಕೇಳೋಕೆ ಬಂದಾಗ ನೀನೇ ಅಲ್ವೇನೇ ಹೂಂ ಅಂದಿದ್ದು?"

"ಏನಂದೆ?"

"ಏನಿಲ್ಲ!" ಎಂದು ಅವನು ಮುಂದಿನ ಮಗುವಿನತ್ತ ಕೈ ತೋರಿಸಿದ.